ಮಂತ್ರಿಗಳ ಪುಸ್ತಕವೂ ನಮ್ಮ ಬಣ್ಣದ ಮನೆಯೂ

೧೧ ಜೂನ್ ೧೯೬೮, ಕೊಳ್ಳೇಗಾಲ

ನಮ್ಮ ನೇಕಾರರ ಸಂಘದ ಬಾಗಿಲಿಗೆ ಇವತ್ತು ಲಾರಿ ಬಂದು ನಿಂತಿತು. ನೂಲು ಬಂತೆಂದು ಬೀದಿಯ ನೇಕಾರರೆಲ್ಲ ಮಗ್ಗ ಬಿಟ್ಟು ಓಡಿ ಬಂದರು. ಇಳಿದದ್ದು ಪುಸ್ತಕ. ಐನೂರು ಪ್ರತಿ! ಉಪಮಂತ್ರಿ ಕೆಂಪನಂಜಪ್ಪ ಬರೆದನಂತೆ, ಹೆಸರು ‘ನನ್ನ ಮಗ್ಗ, ನನ್ನ ಜನ’. ಬಂಡಳ್ಳಿಯಲ್ಲಿ ಗದ್ದೆ ತೋಟ ಇರುವ ಆಸಾಮಿ, ಮಗ್ಗದ ಗುಂಡಿಗೆ ಒಂದು ದಿನವೂ ಕಾಲು ಇಳಿಬಿಟ್ಟವನಲ್ಲ. ಅವನ ಮಗ್ಗ ಎಲ್ಲಿದೆಯೋ ತಾಯಿ ಚೌಡೇಶ್ವರಿಯೇ ಹೇಳಬೇಕು.

ಜೊತೆಯಲ್ಲಿ ಬಂದ ಕಾಗದವನ್ನು ಮೂರು ಸಲ ಓದಿದೆ. ಸಂಘಗಳು ಪುಸ್ತಕ ಕೊಂಡು ನೇಕಾರರಿಗೆ ಹಂಚಬೇಕು, ಕೈಯಲ್ಲಿ ಹಣವಿಲ್ಲದಿದ್ದರೆ ಯಾವುದಾದರೂ ನಿಧಿಯಿಂದ ಕೊಡಬಹುದು, ಮುಂದಿನ ಕಂತಿನ ರೇಷ್ಮೆ ನೂಲು ಹಂಚುವಾಗ ಇದನ್ನು ‘ಗಮನದಲ್ಲಿಡಲಾಗುವುದು’. ನಮ್ಮ ಸಂಘದಲ್ಲಿರುವುದು ಒಂದೇ ನಿಧಿ. ನೂಲಿಗೆ ಬಣ್ಣ ಹಾಕುವ ಬಣ್ಣದ ಮನೆ ಕಟ್ಟಲೆಂದು ಎಂಟು ವರ್ಷದಿಂದ ನೇಕಾರರ ಕೂಲಿಯಲ್ಲಿ ಹಿಡಿದಿಟ್ಟದ್ದು. ಐನೂರು ಪ್ರತಿಯ ಬೆಲೆಯೂ ಆ ನಿಧಿಯೂ ಹೆಚ್ಚುಕಡಿಮೆ ಒಂದೇ. ಯಾರೋ ನೋಡಿಕೊಂಡೇ ಕಳಿಸಿದ್ದಾರೆ.

“ಕೊಟ್ಬುಡವ ಗೋವಿಂದಯ್ಯ, ದೊಡ್ಡೋರ್ ಸವಾಸ ಯಾಕೆ” ಎಂದರು ಅಧ್ಯಕ್ಷರು. ಕಾರ್ಯದರ್ಶಿಯ ಸಹಿ ಇಲ್ಲದೆ ಚೆಕ್ಕು ನಡೆಯುವುದಿಲ್ಲ. ಕಾರ್ಯದರ್ಶಿ ನಾನು. ಸಹಿ ಹಾಕುವುದಿಲ್ಲ ಎಂದು ನಡವಳಿ ಪುಸ್ತಕದಲ್ಲೇ ಬರೆದು ಬಂದಿದ್ದೇನೆ. ಅಕ್ಷರವೂ ಚೆನ್ನಾಗಿ ಬಂತು.

೧೩ ಜೂನ್

ಅಣ್ಣನ ಮನೆಗೆ ಹೋಗಿದ್ದೆ. ಊರಿನ ಅರ್ಧ ರೇಷ್ಮೆಗೆ ಬಣ್ಣ ಹಾಕುವವನು ನನ್ನಣ್ಣ ಚೌಡಯ್ಯ. ಹಾಕುವುದು ಮನೆಯ ಹಿಂದಿನ ಕೋಣೆಯಲ್ಲಿ. ಧೂಳು ಬಿದ್ದರೆ ಬಣ್ಣ ಕೆಡುತ್ತದೆಂದು ಅದಕ್ಕೆ ಕಿಟಕಿ ಇಲ್ಲ. ಸೋಪು ಸೋಡಾದಲ್ಲಿ ನೂಲು ಬೇಯಿಸುವುದೂ ಅಲ್ಲೇ, ತಾಮ್ರದ ಹಂಡೆಯಲ್ಲಿ ಬಣ್ಣ ಕುದಿಸುವುದೂ ಅಲ್ಲೇ, ಆಸಿಡ್ಡಿನ ಹಬೆ, ಸೌದೆಯ ಹೊಗೆ ಎಲ್ಲ ಅಲ್ಲೇ. ಮೂವತ್ತು ವರ್ಷದಿಂದ ಅದನ್ನೇ ಉಸಿರಾಡುತ್ತಿದ್ದಾನೆ. ಇವತ್ತು ನಾನು ಕೂತಿದ್ದ ಅರ್ಧ ಗಂಟೆಯಲ್ಲಿ ಎರಡು ಸಲ ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡ. ಟವೆಲಿನಲ್ಲಿ ಕೆಂಪು ಕಂಡಿತು. “ಬಣ್ಣ ಕಣ್ಲಾ” ಎಂದ. ಇವತ್ತು ಹಂಡೆಯಲ್ಲಿದ್ದದ್ದು ಹಸಿರು ಬಣ್ಣ.

ಡಾಕ್ಟರು ಹೇಳಿದ್ದಾರಂತೆ, ಗಾಳಿಯಾಡುವ ಕಡೆ ಕೆಲಸ ಮಾಡಿದರೆ ಇನ್ನೂ ಹತ್ತು ವರ್ಷ ತೊಂದರೆ ಇಲ್ಲ, ಇಲ್ಲೇ ಇದ್ದರೆ ಒಂದು ವರ್ಷವೂ ಕಷ್ಟ.

“ಬಣ್ಣದ್ ಮನೆ ಯಾವಾಗ್ಲಾ?” ಎಂದು ಕೇಳಿದ.

ನಮ್ಮ ಊರು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಾಗ ಇದಕ್ಕೆ ಮೊದಲ ಅರ್ಜಿ ಬರೆದವನು ನಾನೇ. ಐವತ್ತಾರರಲ್ಲಿ ಊರು ಮೈಸೂರು ರಾಜ್ಯಕ್ಕೆ ಬಂತು, ಫೈಲು ಬರಲಿಲ್ಲ. ಅದಕ್ಕೇ ನಾವೇ ದುಡ್ಡು ಕೂಡಿಟ್ಟದ್ದು. “ಈ ವರ್ಷ ಕಟ್ತೀವಿ ಅಣ್ಣ” ಎಂದೆ. ಸಹಿ ನನ್ನ ಕೈಯಲ್ಲಿದೆ, ಕಟ್ಟೇ ಕಟ್ಟುತ್ತೇವೆ.

೨೦ ಜೂನ್

ಕೆಂಪನಂಜಪ್ಪನ ಆಪ್ತ ಕಾರ್ಯದರ್ಶಿ ನಾಗಯ್ಯ ಬಂದಿದ್ದ. ಗರಿಗರಿ ಷರಟು, ಬಾಯಿ ತುಂಬ ಎಲೆಅಡಿಕೆ. ನನ್ನ ಮನೆಯ ಜಗಲಿಯಲ್ಲೇ ಕೂತ.

“ಲಂಚ ತಕಂಡ್ರೆ ತಪ್ಪು ಸಾ. ನಾನೂ ಒಪ್ತೀನಿ. ಪುಸ್ತಕ ಬರ್ಯಾದು ತಪ್ಪಾ? ಇದು ಸಾಹಿತ್ಯ ಸೇವೆ ಕಣ್ರಿ. ಬರಾದು ರಾಯಲ್ಟಿ.”

“ಛಾಪಿಸಿದವರು ಯಾರು?” ಎಂದೆ.

ಮೈಸೂರಿನ ಒಬ್ಬ ನೂಲಿನ ವ್ಯಾಪಾರಿಯಂತೆ. ಅವನು ಈ ಜನ್ಮದಲ್ಲಿ ಪಂಚಾಂಗ ಬಿಟ್ಟು ಬೇರೆ ಪುಸ್ತಕ ಮುಟ್ಟಿರಲಾರ. ಒಂದಕ್ಷರ ಬರೆಯುವ ಮೊದಲೇ ಮಂತ್ರಿಗೆ ದೊಡ್ಡ ಮೊತ್ತ ಕೊಟ್ಟ, ಅದೇ ತಿಂಗಳು ಅವನಿಗೆ ನೂಲಿನ ಲೈಸೆನ್ಸೂ ಸಿಕ್ಕಿತು. ನಾಗಯ್ಯ ಇದನ್ನು ಗುಟ್ಟಾಗಿ ಕೂಡ ಹೇಳಲಿಲ್ಲ, ಸಂಬಂಧ ಕುದುರಿದ ಮದುವೆಯ ಸುದ್ದಿ ಹೇಳುವಂತೆ ಹೇಳಿದ. ರಾಯಲ್ಟಿ ಮಂತ್ರಿಯ ಹೆಂಡತಿ ದೊಡ್ಡಬಸಮ್ಮನ ಹೆಸರಿಗೆ ಹೋಗುತ್ತದೆ. ಎಲ್ಲಕ್ಕೂ ರಸೀದಿ ಇದೆ.

“ನೂಲು ಕೊಡುವ ಕೈಯೇ ಪುಸ್ತಕ ಮಾರಲು ಬಂದರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಬೇಡ ಅನ್ನಲಾಗದ ಮೇಲೆ ಅದು ಮಾರಾಟ ಹೇಗಾಯಿತು?” ಎಂದು ಕೇಳಿದೆ. ನಾಗಯ್ಯ ಎದ್ದು ಹೋಗಿ ಚರಂಡಿಗೆ ಉಗಿದು ಬಂದ. “ಯಳಂದೂರ್ನೋರು ತಕಂಡ್ರು ಸಾ. ಲೊಕ್ಕನಹಳ್ಳಿ ಇಸ್ಕೂಲ್ನೋರೂ ತಕಂಡ್ರು. ನೀವೊಬ್ರೇಯ” ಎಂದ.

ನಾನೊಬ್ಬನೇ. ಹೆಮ್ಮೆಯಾಯಿತು ಎಂದೇ ಬರೆಯುತ್ತೇನೆ, ಇಲ್ಲಿ ಯಾರ ಮುಲಾಜು?

೨೮ ಜೂನ್

ಮೂರು ದಿನ ಕೂತು ಆ ಪುಸ್ತಕ ಓದಿ ಮುಗಿಸಿದೆ. ಇಷ್ಟು ಕೆಟ್ಟ ಕನ್ನಡ ಅಚ್ಚಾಗಬಹುದೆಂದು ನನಗೆ ತಿಳಿದಿರಲಿಲ್ಲ. ಬರೆದವನಿಗೆ ಎಳೆ ತೂರುವ ಲಾಳಿಗೂ ಅದನ್ನು ಬಡಿದು ಕೂರಿಸುವ ಹಲಗೆಗೂ ವ್ಯತ್ಯಾಸ ಗೊತ್ತಿಲ್ಲ. ‘ನೇಕಾರರು ಹಾಡುತ್ತಾ ನಲಿಯುತ್ತಾ ನೇಯುತ್ತಾರೆ’ ಅಂತೆ! ನೇಯುವಾಗ ಹಾಡಿದರೆ ಎಳೆ ಕಡಿದದ್ದು ಕಾಣುತ್ತದೆಯೇ? ಎರಡು ಪುಟ ನಾನೇ ತಿದ್ದಿ ಬರೆದು ನೋಡಿದೆ. ಎಷ್ಟು ಚೆನ್ನಾಗಿ ಬರೆಯಬಹುದಿತ್ತು. ವಸ್ತು ಹಾಳಾಯಿತಲ್ಲ ಎಂದು ಹೊಟ್ಟೆ ಉರಿಯಿತು.

ನೂಲಿನ ಕಂತು ಬಂದಿಲ್ಲ.

೧೭ ಜುಲೈ

ನೂಲಿಲ್ಲ. ನಮ್ಮ ಬೀದಿಯಲ್ಲಿ ಮಗ್ಗದ ಸದ್ದು ನಿಂತು ಹನ್ನೆರಡು ದಿನ. ಎದುರಿಗೆ ಬಂದವರೆಲ್ಲ ನನ್ನ ಮುಖ ನೋಡಿ ಬೀದಿಯ ಆಚೆ ಬದಿಗೆ ಸರಿಯುತ್ತಾರೆ. ಬೈದಿದ್ದರೆ ವಾಸಿಯಿತ್ತು.

೨೩ ಜುಲೈ

ಹನೂರಿನ ಪ್ರವಾಸಿ ಬಂಗಲೆಗೆ ಕರೆಸಿಕೊಂಡರು. ಗದರಿಸುತ್ತಾರೆ ಎಂದುಕೊಂಡು, ಉತ್ತರಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಕೆಂಪನಂಜಪ್ಪ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಮೇಜಿನ ಮೇಲೆ ನನ್ನ ಲೇಖನ! ಹತ್ತು ವರ್ಷದ ಹಿಂದೆ ಸಂಘದ ಸಂಚಿಕೆಗೆ ಬರೆದದ್ದು, ಮಗ್ಗಕ್ಕೆ ಉದ್ದೆಳೆಯ ಹಾಸು ಹೊಯ್ಯುವುದರ ಮೇಲೆ. ನನ್ನ ಹತ್ತಿರವೇ ಪ್ರತಿ ಇಲ್ಲ. ಒಂದು ಪ್ಯಾರಾ ಗಟ್ಟಿಯಾಗಿ ಓದಿದರು, ತಡವರಿಸಿದರೂ ಪ್ರೀತಿಯಿಂದ ಓದಿದರು.

“ನಂದು ಬರವಣ್ಗೆ ಅಲ್ಲ ಗೋವಿಂದಯ್ನೋರೆ, ಅದು ನಂಗೂ ಗೊತ್ತು. ಯಾವನೋ ಮೇಷ್ಟ್ರು ಗೀಚ್ಕೊಟ್ಟ. ನಿಮ್ ಕೈಲಿ ಸರಸ್ವತಿ ಅವಳೆ ಕಣ್ರಿ. ಹೊಸ್ದಾಗಿ ದೊಡ್ಡದಾಗಿ ತರವ. ನೀವು ಬರ್ಕೊಡಿ, ನಿಮ್ ಜನದ ಕಷ್ಟ ಇಡೀ ವಿಧಾನಸೌಧ ಓದ್ಲಿ.”

ನಾನು ಬಣ್ಣದ ಮನೆಯ ಮಾತೆತ್ತಿದೆ. “ಆ ಚಿಲ್ರೆ ದುಡ್ನಲ್ಲಿ ಕಟ್ಟಾದೇನು? ಅದನ್ನ ಪುಸ್ತಕಕ್ಕೆ ಬುಟ್ಬುಡಿ. ಸರ್ಕಾರದಿಂದ ನಾನೇ ಕಟ್ಟಿಸ್ತೀನಿ, ಮಾದಪ್ಪನಾಣೆ” ಎಂದರು.

ಇಪ್ಪತ್ತು ವರ್ಷದಿಂದ ಓದುತ್ತಿದ್ದೇನೆ, ಬರೆಯುತ್ತಿದ್ದೇನೆ. ಇವತ್ತಿನವರೆಗೆ ಒಬ್ಬರೂ ನನ್ನ ವಾಕ್ಯವನ್ನು ನನಗೆ ಓದಿ ಹೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು, ಪಕ್ಕದವನು ಧೂಳೆಂದುಕೊಂಡ.

೨೪ ಜುಲೈ

ಸಹಿ ಹಾಕಿದೆ. ಇನ್ನೂರೈವತ್ತು ಮಗ್ಗ ನಿಂತಿರುವಾಗ ನನ್ನ ಹಟ ದೊಡ್ಡದಲ್ಲ. ಒಂದು ಮಾತು ಸ್ಪಷ್ಟವಾಗಿ ಬರೆದಿಡುತ್ತೇನೆ: ನನಗೆಂದು ನಾಗಯ್ಯ ಕೊಟ್ಟ ಲಕೋಟೆಯನ್ನು ತೆರೆಯದೆ ಹಿಂದಿರುಗಿಸಿದ್ದೇನೆ. ಒಂದು ಪೈಸೆ ಮುಟ್ಟಿಲ್ಲ. ನಾನು ಮಾಡುತ್ತಿರುವುದು ನನ್ನ ಜನಕ್ಕೆ.

ನನ್ನ ಹೆಂಡತಿ ಮಹದೇವಮ್ಮ ಖಾಲಿ ರಾಟೆ ಒರೆಸುತ್ತ ಕೂತಿದ್ದವಳು ಕೈ ನಿಲ್ಲಿಸಿ, “ಬಾವಯ್ಯಂಗೆ ಏನಂತ ಏಳ್ತೀರಿ?” ಎಂದಳು. ಸರ್ಕಾರವೇ ಕಟ್ಟುತ್ತದೆ ಎಂದು ಹೇಳುತ್ತೇನೆ. ಅದರಲ್ಲಿ ಸುಳ್ಳೇನಿದೆ?

೧ ಆಗಸ್ಟ್

ನೂಲು ಬಂತು.

ಆಯುಧಪೂಜೆಯ ದಿನ

ಬೀದಿಯಲ್ಲಿ ಮನೆಮನೆಗೂ ಹೋಗಿ ಬಂದೆ. ಮಗ್ಗಕ್ಕೆ ಎರಡರಂತೆ ಹಂಚಿದ ಪುಸ್ತಕಗಳನ್ನು ಹಳೆ ಕಾಗದದವನಿಗೆ ಒಬ್ಬರೂ ಹಾಕಿಲ್ಲ. ಪುಸ್ತಕವೆಂದರೆ ಸರಸ್ವತಿ, ಮಾರುವುದು ಹೇಗೆ? ಕಾಲು ತಗಲಬಾರದು. ಆದರೆ ನಮ್ಮ ಮನೆಗಳಲ್ಲಿ ಮಗ್ಗದ ಗುಂಡಿ ಬಿಟ್ಟರೆ ಉಳಿಯುವುದು ಮಲಗುವಷ್ಟು ಜಾಗ, ಎಲ್ಲಿಟ್ಟರೂ ಯಾರದಾದರೂ ಕಾಲು ತಗಲುತ್ತದೆ. ಚಿಕ್ಕನಿಂಗಮ್ಮ ಹಳೇ ಸೀರೆಯನ್ನು ತೊಲೆಗೆ ತೊಟ್ಟಿಲಿನಂತೆ ಕಟ್ಟಿ ಅದರಲ್ಲಿ ಎರಡು ಪ್ರತಿಯನ್ನೂ ಮಲಗಿಸಿದ್ದಾಳೆ. ಅವಳ ಮನೆಯಲ್ಲಿ ಓದು ಬಂದವರು ಯಾರೂ ಇಲ್ಲ. ಇವತ್ತು ಎಲ್ಲರೂ ಲಾಳಿಯ ಪಕ್ಕದಲ್ಲಿ ಪುಸ್ತಕ ಇಟ್ಟು ಕುಂಕುಮ ಹಚ್ಚಿ ಕೈಮುಗಿದರು.

ಜೂನ್ ತಿಂಗಳಲ್ಲಾಗಿದ್ದರೆ ಇದನ್ನು ನೋಡಿ ಸಿಟ್ಟು ಬರುತ್ತಿತ್ತೋ ಏನೋ. ಇವತ್ತು ಬೇರೆ ಅನ್ನಿಸಿತು. ಇಷ್ಟು ಭಕ್ತಿ ಇರುವ ಜನಕ್ಕೆ ಒಳ್ಳೆಯ ಪುಸ್ತಕವನ್ನೇ ಕೊಡಬೇಕು.

ಅಣ್ಣನ ಮನೆಗೆ ಹೋಗಲಾಗಲಿಲ್ಲ. ಮಂತ್ರಿಗಳಿಗೆ ಬರೆದುಕೊಡುತ್ತಿರುವ ಹೊಸ ಪುಸ್ತಕದ ಮೂರನೆಯ ಅಧ್ಯಾಯ ಅರ್ಧಕ್ಕೆ ನಿಂತಿತ್ತು.

೨೦ ನವೆಂಬರ್, ಅಮಾವಾಸ್ಯೆ

ಮಗ್ಗಗಳಿಗೆ ರಜ. ಬೀದಿ ಶಾಂತವಾಗಿತ್ತು, ಇಡೀ ದಿನ ಬರೆದೆ. ಆರು ಅಧ್ಯಾಯ ಮುಗಿಯಿತು. ‘ನಾನು ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಗುಂಡಿಯಲ್ಲಿ ಕೂತು ಲಾಳಿ ಎಸೆಯಲು ಕಲಿತೆ’ ಎಂಬ ಭಾಗ ನಾಗಯ್ಯನಿಗೆ ಬಹಳ ಹಿಡಿಸಿದೆ. ಅಪ್ಪ ನನ್ನ ಅಪ್ಪ, ಗುಂಡಿ ನಮ್ಮ ಮನೆಯದು. ಮಂತ್ರಿಗಳ ಬಾಯಲ್ಲಿ ಅದು ಇನ್ನೂ ಎತ್ತರದಲ್ಲಿ ಕೇಳಿಸುತ್ತದೆ, ಅದೊಂದು ಆಶ್ಚರ್ಯ. ಹೆಸರು ಯಾರದಾದರೇನು? ವಾಕ್ಯ ಉಳಿಯಬೇಕು.

ಅತ್ತಿಗೆ ದೇವೀರಮ್ಮ ಬಂದಿದ್ದಳು. ಅಣ್ಣ ಈಗ ವಾರಕ್ಕೆ ಮೂರು ದಿನ ಮಾತ್ರ ಒಲೆ ಹಚ್ಚುತ್ತಾನಂತೆ. ರಾತ್ರಿ ಮಲಗಲಾಗದೆ ಗೋಡೆಗೆ ಒರಗಿ ಕೂತಿರುತ್ತಾನಂತೆ.

೧೨ ಡಿಸೆಂಬರ್

ನಾಗಯ್ಯ ಬಂದು ಎಂಟನೆಯ ಅಧ್ಯಾಯದ ವಿಷಯ ಹೇಳಿದ. ಮಂತ್ರಿಗಳು ನೇಕಾರರಿಗೆ ಮಾಡಿಕೊಟ್ಟದ್ದೇನು ಎಂಬುದು ಬರಬೇಕು. ಬಣ್ಣದ ಮನೆ ಇರಲಿ ಎಂದ.

“ಇನ್ನೂ ಒಂದು ಕಲ್ಲೂ ಬಿದ್ದಿಲ್ಲವಲ್ಲ?” ಎಂದೆ.

“ಪುಸ್ತಕ ಒರಗ್ ಬರೋ ಒತ್ಗೆ ಕಟ್ಟೇ ಬುಟ್ಟಿರ್ತೀವಿ ಸಾ. ಕಟ್ಟಾಗದೆ ಅನ್ನಂಗೇ ಬರೀರಿ. ಆಮೇಲೆ ತಿದ್ದಕ್ಕಾಯ್ತದಾ, ಅಚ್ಚಾದ್ಮೇಲೆ?”

ಅದೂ ನಿಜ. ಇನ್ನೊಂದು ಯೋಚನೆಯೂ ಬಂತು. ಅಚ್ಚಿನಲ್ಲಿ ಬಂದುಬಿಟ್ಟರೆ ಅವರು ಕಟ್ಟದೆ ವಿಧಿಯಿಲ್ಲ. ಒಂದು ರೀತಿಯಲ್ಲಿ ಇದೇ ನನ್ನ ಎರಡನೆಯ ಅರ್ಜಿ.

೧೯ ಡಿಸೆಂಬರ್

ಎಂಟನೆಯ ಅಧ್ಯಾಯ ಮುಗಿಯಿತು. ನಾನು ಈವರೆಗೆ ಬರೆದದ್ದರಲ್ಲಿ ಇದೇ ಉತ್ತಮ. ಕೆರೆಯ ಏರಿ ಇಳಿದರೆ ಎಡಕ್ಕೆ ಎರಡು ಹುಣಸೆ ಮರ, ನಡುವೆ ಕೆಂಪು ಹೆಂಚಿನ ಉದ್ದನೆಯ ಮನೆ. ಆಳೆತ್ತರದ ಆರು ಕಿಟಕಿ, ಕೆರೆಯ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಒಲೆ ಒಲೆಗೂ ಚಿಮಣಿ, ಹೊಗೆ ನೇರ ಮೇಲಕ್ಕೆ. ನೂಲನ್ನು ನೀರಿನಲ್ಲಿ ಆಡಿಸಿ ಜಾಲಿಸಲು ಕಲ್ಲಿನ ತೊಟ್ಟಿ, ನಿಂತೇ ಕೆಲಸ ಮಾಡುವ ಎತ್ತರ, ಬೆನ್ನು ಬಗ್ಗಿಸಬೇಕಿಲ್ಲ. ಬರೆಯುತ್ತ ಬರೆಯುತ್ತ ನನಗೇ ಉಸಿರು ಸರಾಗವಾದಂತಾಯಿತು.

ಮಹದೇವಮ್ಮನಿಗೆ ಓದಿ ಹೇಳಿದೆ. “ಇಷ್ಟು ಚೆಂದಾಗಿ ಸುಳ್ಳೇಳಾದ ಎಲ್ ಕಲ್ತ್ರಿ?” ಎಂದು ಕೇಳಿ ಒಳಗೆ ಹೋದಳು. ನನಗೆ ಬೇಸರವಾಯಿತು. ಓದಿನ ಗಂಧವಿಲ್ಲದವರಿಗೆ ಸಾಹಿತ್ಯ ತಿಳಿಸುವುದು ಕಷ್ಟ.

೮ ಜನವರಿ ೧೯೬೯

ಕರಡು ತಿದ್ದುತ್ತಿದ್ದೇನೆ. ಅಣ್ಣ ಒಲೆ ಹಚ್ಚುವುದನ್ನು ನಿಲ್ಲಿಸಿದ್ದಾನೆ.

೨೯ ಜನವರಿ

ಕರಡು ಮುಗಿಯಿತು.

೨೩ ಫೆಬ್ರುವರಿ

ಯಳಂದೂರಿನಲ್ಲಿ ಬಿಡುಗಡೆ ಸಮಾರಂಭ. ಶಾಮಿಯಾನ, ಮೈಕು, ಹೂವಿನ ಹಾರ. ಮಂತ್ರಿಗಳು ಎಂಟನೆಯ ಅಧ್ಯಾಯವನ್ನೇ ಆರಿಸಿಕೊಂಡು ಓದಿದರು. ಜನ ಕಲ್ಲಿನಂತೆ ಕೂತು ಕೇಳಿದರು. ಅಜ್ಜೀಪುರದಿಂದ ಬಂದ ಒಬ್ಬ ಮುದುಕ ಕಣ್ಣೊರೆಸಿಕೊಂಡ. ನಾನು ಹಿಂದಿನ ಸಾಲಿನಲ್ಲಿದ್ದೆ. ವಾಕ್ಯಗಳು ಒಂದೊಂದೂ ಮುಂಚೆಯೇ ನನ್ನ ನಾಲಿಗೆಯ ಮೇಲೆ ಬರುತ್ತಿದ್ದವು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಈ ಸಲ ಸಂಘಕ್ಕೆ ಎಂಟುನೂರು ಪ್ರತಿ. ನೇಕಾರರ ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಹಿಡಿಯಬಹುದು ಎಂದು ನಾನೇ ಸಲಹೆ ಕೊಟ್ಟೆ. ನಮ್ಮ ಪುಸ್ತಕ ಮನೆಮನೆಯಲ್ಲಿ ಇರಲಿ.

೨೪ ಫೆಬ್ರುವರಿ

ಒಂದು ಪ್ರತಿ ಹಿಡಿದು ಅಣ್ಣನ ಮನೆಗೆ ಹೋದೆ. ಹೋಗದೆ ಬಹಳ ದಿನವಾಗಿತ್ತು. ಎಷ್ಟು ಸೊರಗಿದ್ದಾನೆ! ಉಗುರಿನ ಬಣ್ಣ ಮಾತ್ರ ಹಾಗೇ ಇದೆ. ಸಂತೋಷಪಡಲಿ ಎಂದು ಎಂಟನೆಯ ಅಧ್ಯಾಯ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದ. ಕಲ್ಲಿನ ತೊಟ್ಟಿ ಬಂದಾಗ ಅವನ ಕೈ ಹಾಸಿಗೆಯ ಮೇಲೆ ನೂಲು ಜಾಲಿಸಿದಂತೆ ಆಡಿತು.

ಮುಗಿದ ಮೇಲೆ ಕೇಳಿದ, “ಆರ್ ಕಿಟ್ಕಿನಾ?”

“ಆರು ಅಣ್ಣ.”

“ಯಾವಾಗ್ ಕಟ್ಟುದ್ರುಲಾ? ನಂಗ್ಯಾರೂ ಏಳ್ನೇ ಇಲ್ವಲ್ಲ.”

“ಅದು... ಪುಸ್ತಕದಲ್ಲಿ...” ಎಂದೆ.

“ಅದೇ ಅಂದೆ. ಪುಸ್ತಕದಲ್ಲೇ ಆಕವ್ರೆ ಅಂದ್ಮೇಲೆ ಕಟ್ಟಿ ಸ್ಯಾನೆ ದಿನ ಆಗಿರ್ಬೇಕು.” ಅತ್ತಿಗೆಯನ್ನು ಕರೆದು, “ದೇವೀರಿ, ನಾಳಿಕ್ಕೆ ನನ್ ಮಡಿ ಪಂಚೆ ತಗ್ದಿಡು” ಎಂದ. ಅವನ ಮುಖ ನೋಡಿ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಕಾಯಿಲೆ ಬಿದ್ದವನು, ಒಂದು ದಿನವಾದರೂ ಖುಷಿಯಾಗಿರಲಿ. ಎದ್ದು ಹೋಗುವ ಶಕ್ತಿಯಂತೂ ಇಲ್ಲ.

ಒಂದು ಮಾತು: ಮಂತ್ರಿಗಳು ಮೈಕಿನಲ್ಲಿ ಓದಿದ್ದಕ್ಕಿಂತ ನನ್ನ ಓದು ಚೆನ್ನಾಗಿತ್ತು.

೨೫ ಫೆಬ್ರುವರಿ

ಹೋಗಿದ್ದಾನೆ. ಅತ್ತಿಗೆ ನೀರು ತರಲು ಹೋದಾಗ ಪಂಚೆ ಉಟ್ಟು, ಗೋಡೆ ಹಿಡಿದುಕೊಂಡು ಬೀದಿ ದಾಟಿ, ಕೆರೆ ಏರಿಯವರೆಗೂ ಹೋಗಿದ್ದಾನೆ. ಮಧ್ಯಾಹ್ನ ನನಗೆ ಸುದ್ದಿ ಬಂತು. ನಾನು ಓಡಿ ಹೋದಾಗ ಹುಣಸೆ ಮರದ ಬುಡದಲ್ಲಿ ಕೂತಿದ್ದ. ಎದುರಿಗೆ ಬಯಲು, ನಾಲ್ಕು ಎಮ್ಮೆ.

ಉಸಿರು ಸಿಕ್ಕಲು ಬಹಳ ಹೊತ್ತು ಬೇಕಾಯಿತು. ಬೈಯುತ್ತಾನೆ ಎಂದುಕೊಂಡೆ. ನನ್ನ ಕೈ ಹಿಡಿದು, ತಪ್ಪು ಮಾಡಿದವನಂತೆ ನಕ್ಕ.

“ದಾರಿ ತಪ್ಬುಟ್ಟೆ ಕಣ್ಲಾ ಗೋವಿಂದ. ನೀನು ಸರಿಯಾಗೇ ಓದ್ದೆ. ನಂಗೇ ತಲೆ ನಿಲ್ಲಾಕಿಲ್ಲ ಈಗೀಗ. ನೀನೇ ಒಂದ್ಸಲ ಕರ್ಕಂಡೋಗ್ಲಾ.”

“ನಾಳೆ ಹೋಗೋಣ ಅಣ್ಣ” ಎಂದೆ.

ಎತ್ತಿಕೊಂಡು ಬಂದೆವು. ಹಗುರವಾಗಿದ್ದ.

೨೬ ಫೆಬ್ರುವರಿ

ಜ್ವರ. “ಗಾಡಿ ಕಟ್ಟುದ್ರಾ?” ಎಂದು ಎರಡು ಸಲ ಕೇಳಿದನಂತೆ. ಸಂಘದಲ್ಲಿ ಪುಸ್ತಕ ಹಂಚುವ ಕೆಲಸವಿತ್ತು, ಸಂಜೆ ಹೋಗಿ ಬಂದೆ.

೩ ಮಾರ್ಚ್

ಬೆಳಗಿನ ಜಾವ ಅಣ್ಣ ಹೋದ.

೧೬ ಮಾರ್ಚ್

ಕಾರ್ಯಗಳೆಲ್ಲ ಮುಗಿದವು. ಮಂತ್ರಿಗಳು ಸಂತಾಪ ಸೂಚಿಸಿ ಸ್ವಂತ ಕೈಯಲ್ಲಿ ಕಾಗದ ಬರೆದಿದ್ದಾರೆ. ನಾಗಯ್ಯನೂ ಬಂದು ಅತ್ತಿಗೆಯ ಕೈಗೆ ಒಂದು ಪ್ರತಿ ಕೊಟ್ಟ. ಅವಳು ಕಣ್ಣಿಗೊತ್ತಿಕೊಂಡು ಅಣ್ಣನ ಪಟದ ಪಕ್ಕದಲ್ಲಿ ಇಟ್ಟಳು. ಹಿಂದಿನ ಕೋಣೆಯಲ್ಲಿ ಈಗ ಅಣ್ಣನ ಅಳಿಯ ಒಲೆ ಹಚ್ಚುತ್ತಿದ್ದಾನೆ.

ಮಹದೇವಮ್ಮ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ದುಃಖವಿರಬೇಕು.

ನಾಗಯ್ಯ ಹೋಗುವಾಗ ಹೇಳಿದ, ಪುಸ್ತಕ ಶಾಲೆಗಳಿಗೂ ಹೋಗುತ್ತದಂತೆ, ಎರಡು ತಿಂಗಳಲ್ಲಿ ಮರುಮುದ್ರಣ, ಏನಾದರೂ ಸೇರಿಸುವುದಿದ್ದರೆ ಈಗಲೇ ಕೊಡಬೇಕು. ಇಡೀ ದಿನ ಅದನ್ನೇ ಯೋಚಿಸಿದೆ. ಎಂಟನೆಯ ಅಧ್ಯಾಯದಲ್ಲಿ ಒಂದು ಕೊರತೆ ಇದೆ, ಅದು ನನ್ನದೇ ತಪ್ಪು. ಬಣ್ಣದ ಮನೆಗೆ ಹೋಗುವ ದಾರಿಯನ್ನು ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು. ಏರಿಯಿಂದ ಎಷ್ಟು ಹೆಜ್ಜೆ, ಯಾವ ಕಡೆಗೆ ಮುಖ, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಅಣ್ಣನಂಥವರು ಕೇಳಿಸಿಕೊಂಡು ಹೊರಟರೂ ದಾರಿ ತಪ್ಪಬಾರದು.